ಹೋಟೆಲೂಟದಿಂದ ಕೆಟ್ಟ ಸಂಸ್ಕೃತಿ ಯಾವುದು?

ಕಳೆದ ತಿಂಗಳು ನಿವೃತ್ತ ಶಿಕ್ಷಕರ ಸನ್ಮಾನ ಸಮಾರಂಭವೊಂದಕ್ಕೆ ಹೋಗಿದ್ದೆ. ಮುಖ್ಯ ಅತಿಥಿಗಳಾಗಿ ಬಂದಿದ್ದ ವಿದ್ವಾಂಸರೊಬ್ಬರು ಮುಕ್ಕಾಲು ಗಂಟೆ ಮಾತನಾಡಿ, ನಮ್ಮ ನಾಡಿನ ಸಕಲ ಅನಿಷ್ಟಗಳಿಗೂ ಒಂದೇ ಮೂಲವನ್ನು ಕಂಡುಹಿಡಿದು ಕೊಟ್ಟರು. ಆ ಮೂಲ ಹೋಟೆಲೂಟ. ತಾಯಿಯ ಕೈತುತ್ತನ್ನು ಬಿಟ್ಟು ಬೆಂಚಿನ ಮೇಲೆ ಕುಳಿತು ಉಣ್ಣುವ ಜನಾಂಗಕ್ಕೆ ಸಂಸ್ಕಾರ ಎಲ್ಲಿಂದ ಬರಬೇಕು, ಮನೆಯ ಒಲೆ ಆರಿದಲ್ಲಿ ಕುಲಾಚಾರ ಉಳಿಯುವುದುಂಟೆ, ಪರಪ್ರಾಂತದ ಅಡುಗೆಗಳು ನಮ್ಮ ಪಾಕಶಾಲೆಗೆ ನುಗ್ಗಿ ನಮ್ಮ ನಾಲಗೆಯನ್ನೇ ಕಸಿದುಕೊಂಡಿವೆ ಎಂದು ಅವರು ಮರುಗಿದರು. ಸಭೆ ತಲೆದೂಗಿತು. ಚಪ್ಪಾಳೆಯೂ ಬಿತ್ತು.

ಭಾಷಣ ಮುಗಿದ ಮೇಲೆ ನಮಗೆಲ್ಲ ಊಟ ಬಡಿಸಿದವರು ಗುತ್ತಿಗೆ ಹಿಡಿದ ಅಡುಗೆಯವರು. ಆ ಪಾಯಸವನ್ನು ಯಾವ ತಾಯಿಯೂ ಕಾಸಿರಲಿಲ್ಲ. ವಿದ್ವಾಂಸರು ಎರಡು ಸಲ ಹಾಕಿಸಿಕೊಂಡರು. ಅದರಲ್ಲಿ ತಪ್ಪೇನಿಲ್ಲ, ಪಾಯಸ ಚೆನ್ನಾಗಿತ್ತು.

ನಾನು ಇಷ್ಟಕ್ಕೆ ಸುಮ್ಮನಿರಬಹುದಾಗಿತ್ತು. ಆದರೆ ಕೈ ತೊಳೆಯುವಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಏನು ಮೇಷ್ಟ್ರೇ, ಇವತ್ತಿನ ಮಾತೆಲ್ಲ ನಿಮ್ಮ ಮನೆಯನ್ನು ನೋಡಿಯೇ ಆಡಿದ ಹಾಗಿತ್ತಲ್ಲ! ಸಂತೆಯ ದಿನ ಗಂಡಹೆಂಡತಿ ಹೋಟೆಲಿನಲ್ಲಿ, ಮಿಕ್ಕ ದಿನ ಮನೆಯಲ್ಲಿ ಗುಜರಾತಿ ಊಟ ಅಂತೆ" ಎಂದು ನಕ್ಕರು. ನಾನೂ ನಕ್ಕೆ. ತಾಳಗುಂದಕ್ಕೆ ಮರಳುವ ಬಸ್ಸಿನಲ್ಲಿ ಮಾತ್ರ ಆ ನಗು ಗಂಟಲಿನಲ್ಲೇ ನಿಂತಿತು. ಅದಕ್ಕೇ ಈ ಬರಹ.

ಮೊದಲು ತಪ್ಪೊಪ್ಪಿಗೆ. ಹೌದು, ಶಿರಾಳಕೊಪ್ಪಕ್ಕೆ ಸಂತೆಗೆ ಹೋದಾಗ ನಾನೂ ನನ್ನ ಹೆಂಡತಿಯೂ ಅಲ್ಲಿನ ತಗಡಿನ ಮಾಡಿನ ಹೋಟೆಲೊಂದರಲ್ಲಿ ಕುಳಿತು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಚಹಾ ಕುಡಿದೇ ಬರುತ್ತೇವೆ. ಹೌದು, ನಮ್ಮ ಮನೆಯಲ್ಲಿ ವಾರಕ್ಕೆರಡು ದಿನವಾದರೂ ಗುಜರಾತಿನ ಕಢಿ, ದಾಳ್, ರೋಟ್ಲಿ, ಥೇಪ್ಲಾಗಳು ಆಗುತ್ತವೆ. ಅವುಗಳಲ್ಲಿ ಕೆಲವನ್ನು ಮಾಡುವವನು ನಾನೇ. ಇದರಿಂದ ಸಂಸ್ಕೃತಿ ಕೆಟ್ಟಿತೆಂಬುದಾದರೆ, ಕೆಟ್ಟ ಆ ಸಂಸ್ಕೃತಿ ಯಾವುದು ಎಂದು ಕೇಳುವ ಹಕ್ಕು ನನಗಿದೆ. 'ಮನೆಯೂಟ' ಎಂಬ ಸವಿಮಾತಿನ ಹಿಂದೆ ನಾವು ಎರಡು ಸಂಗತಿಗಳನ್ನು ಬಹುಕಾಲದಿಂದ ಮುಚ್ಚಿಟ್ಟುಕೊಂಡು ಬಂದಿದ್ದೇವೆ: ಆ ಊಟವನ್ನು ಬೇಯಿಸಿದವರ ದಣಿವು ಒಂದು, ಆ ಊಟಕ್ಕೆ ನಾವು ಒಳಗೆ ಕರೆಯದವರ ಹಸಿವು ಇನ್ನೊಂದು.

*

ನಾನು ಹೈಸ್ಕೂಲು ಓದಿದ್ದು ಶಿಕಾರಿಪುರದಲ್ಲಿ, 1963ರಿಂದ ಮುಂದಕ್ಕೆ. ಊರಿನಿಂದ ದಿನವೂ ಹೋಗಿಬರುವ ಅನುಕೂಲವಿರಲಿಲ್ಲ. ಬಡ ಹುಡುಗರಿಗೆ ಆಗ ಇದ್ದ ದಾರಿಯೆಂದರೆ ವಾರಾನ್ನ. ಈ ಕಾಲದ ಮಕ್ಕಳಿಗೆ ಆ ಶಬ್ದವೇ ತಿಳಿಯದು. ವಾರದ ಏಳು ದಿನಕ್ಕೆ ಏಳು ಮನೆ. ಸೋಮವಾರ ಒಬ್ಬರಲ್ಲಿ, ಮಂಗಳವಾರ ಮತ್ತೊಬ್ಬರಲ್ಲಿ. ನಾನು ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದವನಾದ್ದರಿಂದ ಏಳು ಮನೆಗಳು ದೊರೆತವು. ಆ ತಾಯಂದಿರ ಋಣವನ್ನು ನಾನು ಮರೆತವನಲ್ಲ. ಅವರು ಅನ್ನವಿಕ್ಕದಿದ್ದರೆ ನಾನು ಮೇಷ್ಟ್ರಾಗುತ್ತಿರಲಿಲ್ಲ. ಆದರೆ ಅದೇ ಏಳು ಮನೆಗಳಲ್ಲಿ ಎರಡರಲ್ಲಿ, ಒಳಪಂಗಡ ಬೇರೆಯೆಂಬ ಕಾರಣಕ್ಕೆ, ನನ್ನ ಎಲೆಯನ್ನು ಪಂಕ್ತಿಯಿಂದ ದೂರ ಹಾಕುತ್ತಿದ್ದರು. ಉಂಡ ಸ್ಥಳಕ್ಕೆ ನಾನೇ ಗೋಮಯ ಹಚ್ಚಿ ಬರಬೇಕಾಗಿತ್ತು. ಮನೆಯೂಟವೇ ಅದು. ಬಿಸಿಯನ್ನ, ಅಪ್ಪೆಹುಳಿ, ಕೆಲವೊಮ್ಮೆ ತಂಬುಳಿ. ರುಚಿಯಲ್ಲಿ ಕೊರತೆಯಿರಲಿಲ್ಲ.

ನನ್ನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ ಗೆಳೆಯ ಲೆಕ್ಕದಲ್ಲಿ ನನಗಿಂತ ಬಹಳ ಮುಂದು. ಅವನು ಹುಟ್ಟಿದ ಜಾತಿಗೆ ಆ ಊರಿನಲ್ಲಿ ವಾರಾನ್ನದ ಮನೆಯೊಂದೂ ಇರಲಿಲ್ಲ. ಮುಂಜಾನೆ ಬಟ್ಟೆಯಲ್ಲಿ ಕಟ್ಟಿ ತಂದ ರೊಟ್ಟಿ ಮಧ್ಯಾಹ್ನಕ್ಕೆ ಒಣಗಿ ಹಪ್ಪಳವಾಗಿರುತ್ತಿತ್ತು. ಎಷ್ಟೋ ದಿನ ಅದೂ ಇಲ್ಲ. 'ನನ್ನ ಜೊತೆ ಊಟಕ್ಕೆ ಬಾ' ಎಂದು ಕರೆಯಲು ನನಗೆ ಯಾವ ಮನೆಯಿತ್ತು? ಒಂದು ಸಂಜೆ, ನನ್ನ ಜೇಬಿನಲ್ಲಿದ್ದ ಚಿಲ್ಲರೆಯನ್ನೂ ಅವನಲ್ಲಿದ್ದುದನ್ನೂ ಸೇರಿಸಿ, ಇಬ್ಬರೂ ಪೇಟೆಯ ಒಂದು ಸಣ್ಣ ಹೋಟೆಲಿಗೆ ಹೋದೆವು. ಒಂದೇ ಬೆಂಚು, ಒಂದೇ ತಟ್ಟೆ ಉಪ್ಪಿಟ್ಟು, ಎರಡು ಲೋಟ ಕಾಫಿ. ಮಾಣಿ ಬಂದು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ನಾವಿಬ್ಬರೂ ಜೊತೆಯಾಗಿ ಕುಳಿತು ಉಂಡದ್ದು ಬದುಕಿನಲ್ಲಿ ಅದೇ ಮೊದಲು. ವಿದ್ವಾಂಸರು ಬೆಂಚಿನ ಮೇಲಿನ ಊಟವನ್ನು ಹೀಗಳೆದಾಗ ನನಗೆ ನೆನಪಾದದ್ದು ಆ ಬೆಂಚು.

ಹೋಟೆಲುಗಳೆಲ್ಲ ಸಮತೆಯ ದೇವಾಲಯಗಳಾಗಿದ್ದವೆಂದು ನಾನು ಹೇಳುತ್ತಿಲ್ಲ. ಜಾತಿಗೊಂದು ಕೋಣೆ ಮಾಡಿದ್ದ ಹೋಟೆಲುಗಳಿದ್ದವು, ಕೆಲವರಿಗಾಗಿ ಹೊರಗೆ ಬೇರೆ ಲೋಟ ತೂಗುಹಾಕಿದ್ದ ಚಹಾದಂಗಡಿಗಳಿದ್ದವು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿಯ ಎರಡನೆಯ ಉಪವಿಧಿ, ಅಂಗಡಿಗಳು, ಸಾರ್ವಜನಿಕ ಉಪಾಹಾರಗೃಹಗಳು, ಹೋಟೆಲುಗಳು ಇವುಗಳಿಗೆ ಪ್ರವೇಶಿಸಲು ಜಾತಿಯ ಕಾರಣದಿಂದ ಯಾರನ್ನೂ ತಡೆಯಲಾಗದು ಎಂದು ವಿಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದಕ್ಕೆ ಶಿಕ್ಷೆಯನ್ನೂ ಗೊತ್ತುಮಾಡಿತು. ಸಂವಿಧಾನವನ್ನು ಬರೆದವರು ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿ ಹೋಟೆಲಿನ ಹೆಸರೆತ್ತಿದ್ದು ಸುಮ್ಮನೆ ಅಲ್ಲ. ಹೋಟೆಲಿನ ಬಾಗಿಲನ್ನು ಕಾನೂನು ತೆರೆಯಬಲ್ಲದು. ನಮ್ಮ ಮನೆಗಳ ಅಡುಗೆಕೋಣೆಯ ಬಾಗಿಲನ್ನು ನಾವೇ ತೆರೆಯಬೇಕು. ಎಷ್ಟು ಜನ ತೆರೆದಿದ್ದೇವೆಂಬುದನ್ನು ಎದೆ ಮುಟ್ಟಿಕೊಂಡು ಹೇಳಬೇಕು.

ಇದು ಅರವತ್ತು ವರ್ಷದ ಹಿಂದಿನ ಮಾತು, ಈಗ ಅದೆಲ್ಲ ಎಲ್ಲಿದೆ ಎನ್ನುವವರಿಗೆ ಇನ್ನೊಂದು ಪ್ರಸಂಗ. ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಮೊದಲಾಗಿ, ಮರುವರ್ಷ ನಮ್ಮ ಕಡೆಗೂ ಬಂತು. ಆಗ ನಾನು ಹಳ್ಳಿಯ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯ. ಅಡುಗೆಗೆ ನೇಮಕವಾದವರು ದಲಿತ ಕುಟುಂಬದ ಒಬ್ಬ ವಿಧವೆ, ಅಚ್ಚುಕಟ್ಟಿನ ಹೆಂಗಸು. ಮೂರನೆಯ ದಿನದಿಂದ ಹದಿನಾಲ್ಕು ಮಕ್ಕಳು ಡಬ್ಬಿ ತರತೊಡಗಿದರು. ನಾನು ಆ ಮನೆಗಳಿಗೆ ಹೋದೆ. ಜಾತಿಯ ಮಾತನ್ನು ಯಾರೂ ಆಡಲಿಲ್ಲ. ಎಲ್ಲರೂ ಹೇಳಿದ್ದು ಒಂದೇ ವಾಕ್ಯ: "ನಮ್ಮ ಹುಡುಗನಿಗೆ ಮನೆಯೂಟವೇ ಒಗ್ಗೋದು, ಸಾರ್." ಎಷ್ಟು ಸಭ್ಯವಾದ ಮಾತು! ನಾನು ಮರುದಿನದಿಂದ ಮಕ್ಕಳ ಸಾಲಿನಲ್ಲಿ ತಟ್ಟೆ ಹಿಡಿದು ಕುಳಿತು ಆಕೆ ಬಡಿಸಿದ್ದನ್ನೇ ಉಂಡೆ. ಎರಡು ತಿಂಗಳಲ್ಲಿ ಹನ್ನೆರಡು ಮಕ್ಕಳ ಡಬ್ಬಿ ನಿಂತವು. ಇನ್ನೆರಡು ಮಕ್ಕಳು ವರ್ಷ ಕಳೆಯುವುದರೊಳಗೆ ಬೇರೆ ಶಾಲೆಗೆ ಹೋದರು. ಅಂದಿನಿಂದ 'ಮನೆಯೂಟ' ಎಂಬ ಶಬ್ದ ಕಿವಿಗೆ ಬಿದ್ದಾಗಲೆಲ್ಲ ಅದರ ಬೆನ್ನಿಗೆ ಏನನ್ನು ಕಟ್ಟಿದ್ದಾರೆಂದು ನಾನು ತಿರುಗಿಸಿ ನೋಡುತ್ತೇನೆ.

*

ಇನ್ನು ತಾಯಿಯ ಕೈತುತ್ತಿನ ವಿಷಯ.

ನನ್ನ ತಾಯಿ ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಿದ್ದಳು. ಮಳೆಗಾಲದಲ್ಲಿ ಸೌದೆ ಒದ್ದೆ. ಊದುಗೊಳವೆಯಲ್ಲಿ ಊದಿ ಊದಿ ಒಲೆ ಹೊತ್ತುವ ಹೊತ್ತಿಗೆ ಅವಳ ಕಣ್ಣುಗಳು ಕೆಂಡವಾಗಿರುತ್ತಿದ್ದವು. ಮಡಿಯುಟ್ಟು ಅಡುಗೆ, ಎಲ್ಲರಿಗೂ ಬಡಿಸುವುದು, ಗಂಡಸರ ಊಟವಾದ ಮೇಲೆ ಮಕ್ಕಳದು, ಮಕ್ಕಳಾದ ಮೇಲೆ ಹೆಂಗಸರದು. ತಳದಲ್ಲಿ ಉಳಿದದ್ದು ಅವಳದು. ಮುಸುರೆ ತಿಕ್ಕಿ ಏಳುವಷ್ಟರಲ್ಲಿ ಸಂಜೆಯ ಅಕ್ಕಿ ನೆನೆಸುವ ಹೊತ್ತು. ನನ್ನ ತಂದೆ ಊಟದ ಬಗ್ಗೆ ಮಾತನಾಡುತ್ತಿದ್ದುದು ಉಪ್ಪು ಹೆಚ್ಚಾದ ದಿನ ಮಾತ್ರ. ನಾವು ಅದನ್ನು 'ಅಮ್ಮನ ಕೈರುಚಿ' ಎಂದು ಹಾಡಿ ಹೊಗಳುತ್ತೇವೆ. ಅವಳಿಗೆ ಒಂದು ದಿನವಾದರೂ ಬೇರೆಯವರು ಬಡಿಸಿದ ಎಲೆಯ ಮುಂದೆ ನಿಶ್ಚಿಂತೆಯಿಂದ ಕುಳಿತುಕೊಳ್ಳಬೇಕೆನಿಸಿರಲಿಲ್ಲವೆ? ನಾನು ಕೇಳಲಿಲ್ಲ. ಕೇಳಬೇಕೆಂಬ ಬುದ್ಧಿ ಬರುವ ಹೊತ್ತಿಗೆ ಅವಳಿರಲಿಲ್ಲ.

ಇದೇನು ನಮ್ಮ ಮನೆಯೊಂದರ ಕಥೆಯೆ? ಕೇಂದ್ರ ಸರಕಾರದ ಅಂಕಿಸಂಖ್ಯೆ ಇಲಾಖೆ 2019ರಲ್ಲಿ, ದೇಶದ ಜನ ದಿನದ ವೇಳೆಯನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ತೆರುತ್ತಾರೆ. ಅಂಥ ಕೆಲಸಕ್ಕೆ ಕೈಹಾಕುವ ಗಂಡಸರು 97 ನಿಮಿಷ. ಕೈಹಾಕುವವರಾದರೂ ಎಷ್ಟು? ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ ನೂರಕ್ಕೆ 26. ದಿನಕ್ಕೆ ಹತ್ತಿರಹತ್ತಿರ ಐದು ಗಂಟೆ! ವೇದಿಕೆಯ ಮೇಲೆ ಮನೆಯೂಟದ ಮಹಿಮೆಯನ್ನು ಕೊಂಡಾಡುವ ನನ್ನಂಥ ಗಂಡಸರಲ್ಲಿ ಒಂದು ಹೊತ್ತಿನ ಅನ್ನಸಾರು ಮಾಡಬಲ್ಲವರೆಷ್ಟು ಜನ ಎಂದು ಆ ಸಭೆಯಲ್ಲಿ ಕೈ ಎತ್ತಿಸಿದ್ದರೆ ಚಪ್ಪಾಳೆಯ ಸದ್ದು ಅಷ್ಟು ಜೋರಾಗಿ ಕೇಳುತ್ತಿರಲಿಲ್ಲ.

ನಾನೂ ಬಹುಕಾಲ ಹಾಗೆಯೇ ಇದ್ದವನು. ಮದುವೆಯಾಗಿ ನಲವತ್ತು ವರ್ಷ ಲೋಟ ತೊಳೆದವನಲ್ಲ. ನಿವೃತ್ತನಾದ ಹೊಸತರಲ್ಲಿ ಒಮ್ಮೆ, ಸಂತೆಯಿಂದ ಬರುವಾಗ ನನ್ನ ಹೆಂಡತಿ ಹೋಟೆಲಿನ ಮುಂದೆ ನಿಂತಳು. "ಮನೆಗೆ ಹೋಗಿ ಉಣ್ಣೋಣ, ಇಲ್ಲೇಕೆ?" ಎಂದೆ. ಅವಳು, "ಅಲ್ರೀ, ಮನೆಗೆ ಹೋದರೆ ನೀವು ಉಣ್ಣುತ್ತೀರಿ. ನಾನು ಅಡುಗೆ ಮಾಡಬೇಕು" ಎಂದಳು. ಅಷ್ಟೇ ಮಾತು. ಅಂದಿನಿಂದ ಸಂತೆಯ ದಿನದ ಹೋಟೆಲು ನಮ್ಮ ಮನೆಯ ಪದ್ಧತಿಯಾಯಿತು.

ಆ ಹೋಟೆಲಿನಲ್ಲಿ ನಮ್ಮೆದುರು ಜೋಳ ಮಾರಿ ಬಂದ ರೈತರು, ಹಮಾಲರು, ಹಣ್ಣಿನ ಗಾಡಿಯ ಸಾಬರು, ತಾಂಡಾದಿಂದ ಬಂದ ಲಂಬಾಣಿ ಹೆಣ್ಣುಮಕ್ಕಳು ಕುಳಿತಿರುತ್ತಾರೆ. ಮಂಡಕ್ಕಿಯ ಬೋಗುಣಿಯಿಂದ ಎಲ್ಲರಿಗೂ ಒಂದೇ ಸೌಟು. ಅದು ಘನವಾದ ಊಟವೆಂದು ನಾನು ಹೇಳುವುದಿಲ್ಲ. ಆದರೆ ಆ ಅರ್ಧ ಗಂಟೆ ನನ್ನ ಹೆಂಡತಿ ಯಾರಿಗೂ ಏನನ್ನೂ ಬಡಿಸುವುದಿಲ್ಲ. ಕಾಲು ಚಾಚಿ ಕುಳಿತು ಬೀದಿ ನೋಡುತ್ತಾಳೆ. ಸಂಸ್ಕೃತಿ ಕೆಡುವುದಾದರೆ ಆ ಅರ್ಧ ಗಂಟೆಯಲ್ಲಿ ಕೆಡಲಿ.

*

ಈಗ ಗುಜರಾತಿ ಅಡುಗೆಯ ಅಪರಾಧಕ್ಕೆ ಬರುತ್ತೇನೆ.

ನಮ್ಮ ಸೊಸೆ ಗುಜರಾತಿನ ಆಣಂದದ ಕಡೆಯ ಹುಡುಗಿ. 2020ರ ಮಾರ್ಚಿಯಲ್ಲಿ ದೇಶಕ್ಕೆಲ್ಲ ಬೀಗ ಬೀಳುವ ಮುನ್ನ ಮಗನೂ ಅವಳೂ ಬೆಂಗಳೂರಿನಿಂದ ತಾಳಗುಂದಕ್ಕೆ ಬಂದವರು, ಕಾರ್ತಿಕ ಕಳೆಯುವವರೆಗೆ ಇಲ್ಲೇ ಉಳಿದರು. ಹೋಟೆಲುಗಳು ಮುಚ್ಚಿದವು. ನಾಲ್ಕು ಜನಕ್ಕೆ ಮೂರು ಹೊತ್ತು ಅಡುಗೆ, ನಡುವೆ ನಾಲ್ಕು ಸಲ ಚಹಾ. ಹತ್ತನೆಯ ದಿನ ನನ್ನ ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ಸುಮ್ಮನೆ ಕುಳಿತುಬಿಟ್ಟಳು. ಅದನ್ನು ನೋಡಿದ ಸೊಸೆ ಕಾಗದದ ಮೇಲೆ ವಾರದ ಸರದಿ ಬರೆದು ಗೋಡೆಗೆ ಅಂಟಿಸಿದಳು. ಅದರಲ್ಲಿ ನನ್ನ ಹೆಸರೂ ಇತ್ತು! ಎಪ್ಪತ್ತರ ಅಂಚಿನಲ್ಲಿ ನಾನು ಲಟ್ಟಣಿಗೆ ಹಿಡಿದೆ. ನನ್ನ ಮೊದಲ ರೋಟ್ಲಿಗಳು ಭೂಗೋಳದ ಪಾಠಕ್ಕೆ ಉಪಯೋಗವಾಗುವಂತಿದ್ದವು.

ಅವಳು ತನ್ನ ಸರದಿಯ ದಿನ ದಾಳ್ ಮಾಡಲು ಹೊರಟಳು. ತೊಗರಿಬೇಳೆಯನ್ನು ಮೆತ್ತಗೆ ಬೇಯಿಸಿ, ಕಡೆದು ನುಣ್ಣಗೆ ಮಾಡಿ, ಶುಂಠಿ, ಹಸಿಮೆಣಸು, ಬೆಲ್ಲ, ಬೆಂದ ಶೇಂಗಾ ಸೇರಿಸಿ ಕುದಿಸಿ, ತುಪ್ಪದಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ, ಲವಂಗ, ಇಂಗಿನ ಒಗ್ಗರಣೆ ಕೊಡುವ ಅಡುಗೆ ಅದು. ಎಲ್ಲ ಇತ್ತು, ಹುಳಿಗೆ ಕೋಕಮ್ ಇರಲಿಲ್ಲ. ಅದಿಲ್ಲದಿದ್ದರೆ ತನ್ನ ತಾಯಿಯ ದಾಳ್ ಆಗದೆಂದು ಅವಳು ಪೇಚಾಡತೊಡಗಿದಳು. ಕೋಕಮ್ ಎಂದರೇನೆಂದು ನನ್ನ ಹೆಂಡತಿ ಕೇಳಿದಳು. ಕಪ್ಪಗೆ ಒಣಗಿದ ಸಿಪ್ಪೆ, ನೀರಿಗೆ ಹಾಕಿದರೆ ಕೆಂಪು ಬಣ್ಣ ಬಿಡುತ್ತದೆ ಎಂದು ಸೊಸೆ ಅರ್ಧ ಕನ್ನಡದಲ್ಲಿ ವಿವರಿಸಿದಳು. ಹೆಂಡತಿ ಅಟ್ಟದ ಮೇಲಿನ ಭರಣಿಯನ್ನು ಇಳಿಸಿ ಮುಚ್ಚಳ ತೆಗೆದಳು. ಒಳಗಿದ್ದದ್ದು ಮುರುಗಲ ಸಿಪ್ಪೆ. "ಮಾವ, ಇದು ನಮ್ಮ ಕೋಕಮ್!" ಎಂದು ಸೊಸೆ ಕೂಗಿದಳು. "ಅಲ್ಲವೇ, ಇದು ನಮ್ಮ ಮುರುಗಲು" ಎಂದಳು ಅತ್ತೆ. ಇಬ್ಬರ ಮಾತೂ ನಿಜ. ಮುರುಗಲ ಮರ ಹುಟ್ಟಿ ಬೆಳೆಯುವುದು ಕೊಂಕಣದಲ್ಲಿ, ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ. ಅದರ ಸಿಪ್ಪೆ ವ್ಯಾಪಾರಿಗಳ ಮೂಟೆಯಲ್ಲಿ ಪಯಣಿಸಿ ಗುಜರಾತಿನ ಮನೆಮನೆಯ ದಾಳಿಗೆ ಹುಳಿಯಾಯಿತು. ಪರಪ್ರಾಂತದ ಅಡುಗೆ ನಮ್ಮ ಮನೆಗೆ ನುಗ್ಗಿತೆನ್ನುವ ವಿದ್ವಾಂಸರೇ, ನಮ್ಮ ಘಟ್ಟದ ಹುಳಿ ಅವರ ಮನೆಗೆ ಎಂದೋ ಹೋಗಿತ್ತು. ಅವರು ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ.

ಇದೊಂದೇ ಅಲ್ಲ. ಮಳೆಗಾಲದಲ್ಲಿ ನಾವು ಕೆಸುವಿನೆಲೆಗೆ ಅಕ್ಕಿಯ ಹಿಟ್ಟು ಸವರಿ ಪತ್ರೊಡೆ ಮಾಡುತ್ತೇವೆ. ಅವರು ಅದೇ ಎಲೆಗೆ ಹುಳಿ, ಬೆಲ್ಲ ಬೆರೆಸಿದ ಕಡಲೆಹಿಟ್ಟು ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿ, ಹೋಳು ಮಾಡಿ, ಸಾಸಿವೆ ಎಳ್ಳಿನ ಒಗ್ಗರಣೆ ಕೊಟ್ಟು 'ಪಾತ್ರಾ' ಎನ್ನುತ್ತಾರೆ. ನಾವು ಹುಳಿಮಜ್ಜಿಗೆಗೆ ತೆಂಗಿನಕಾಯಿ ರುಬ್ಬಿ ಹಾಕಿದರೆ ಮಜ್ಜಿಗೆಹುಳಿ, ಅವರು ಕಡಲೆಹಿಟ್ಟು ಕದಡಿ ತುಸು ಸಿಹಿ ಹಾಕಿದರೆ ಕಢಿ. ಸೂರತಿನ ಕಡೆ ಚಳಿಗಾಲದಲ್ಲಿ ಮಾಡುವ ಊಂಧಿಯುವಿಗೆ ಮುಖ್ಯವಾದ ಪಾಪಡಿ ನಮ್ಮ ಅವರೆಯ ಜಾತಿಯ ಕಾಯಿಯೇ. ಮಣ್ಣಿನ ಮಡಕೆಯನ್ನು ತಲೆಕೆಳಗು ಮಾಡಿ ಬೇಯಿಸುತ್ತಿದ್ದುದರಿಂದ ಅದಕ್ಕೆ ಆ ಹೆಸರಂತೆ; ನಮ್ಮ ಅಡುಗೆಮನೆಯಲ್ಲಿ ಅದು ಕುಕ್ಕರಿನಲ್ಲಿ ನೆಟ್ಟಗೇ ಬೆಂದಿತು. ಮೆಂತ್ಯದ ಸೊಪ್ಪು, ಅರಿಸಿನ, ಮೊಸರು ಹಾಕಿ ನಾದಿದ ಥೇಪ್ಲಾವನ್ನು ನನ್ನ ಹೆಂಡತಿ ಈಗ ತೋಟಕ್ಕೆ ಹೋಗುವಾಗ ಬುತ್ತಿಗೆ ಕಟ್ಟುತ್ತಾಳೆ. ಎರಡು ದಿನ ಕೆಡುವುದಿಲ್ಲ. ಸೊಸೆ ತಾನು ಕಲಿತ ಅಪ್ಪೆಹುಳಿಯನ್ನು ಆಣಂದದ ತವರಿನಲ್ಲಿ ಮಾಡಿ ಬಡಿಸಿದಳೆಂದೂ, ಅವರು ಅದನ್ನು ಲೋಟದಲ್ಲಿ ಕುಡಿದರೆಂದೂ ಫೋನಿನಲ್ಲಿ ಹೇಳಿದಳು. ಲೋಟದಲ್ಲಿ ಕುಡಿಯುವುದು ನಮ್ಮಲ್ಲೂ ಉಂಟು, ಆಕ್ಷೇಪವಿಲ್ಲ.

ಇಷ್ಟಕ್ಕೂ 'ನಮ್ಮದು' ಎಂದು ನಾವು ಎದೆಗವಚಿಕೊಂಡಿರುವ ಅಡುಗೆಯಲ್ಲಿ ನಮ್ಮದೆಷ್ಟು? ಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊ, ಶೇಂಗಾ, ಗೋಡಂಬಿ, ಈಗ ನಮ್ಮ ತಾಲ್ಲೂಕಿನ ಹೊಲಗಳನ್ನೆಲ್ಲ ತುಂಬಿರುವ ಮೆಕ್ಕೆಜೋಳ, ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದಿಳಿದ ನಂತರ ಇತ್ತ ಬಂದವು. ಮಿರ್ಚಿಯಿಲ್ಲದ ಮಂಡಕ್ಕಿಯನ್ನು ಈಗ ಊಹಿಸಿಕೊಳ್ಳಿ! ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ. 1025ರ ಸುಮಾರಿನ ಲೋಕೋಪಕಾರದಲ್ಲಿ ಅದನ್ನು ಮಾಡುವ ಕ್ರಮವಿದೆ. ಆ ಇಡ್ಡಲಿಗೆ ಉದ್ದಿನ ಹಿಟ್ಟಿನದು. ನಾವಿಂದು ತಿನ್ನುವ ಅಕ್ಕಿಯಿಡ್ಲಿ ಅನಂತರದ ಮಾರ್ಪಾಟು. ರವೆ ಇಡ್ಲಿಯನ್ನಂತೂ ಎರಡನೆಯ ಮಹಾಯುದ್ಧದ ಅಕ್ಕಿ ಅಭಾವದಲ್ಲಿ ತಾವೇ ಕಂಡುಹಿಡಿದೆವೆಂದು ಬೆಂಗಳೂರಿನ ಎಂಟಿಆರ್‌ನವರು ಹೇಳಿಕೊಳ್ಳುತ್ತಾರೆ. ಹೋಟೆಲಿನಲ್ಲಿ ಹುಟ್ಟಿದ ಅದು ಇಂದು ಎಷ್ಟು ಮನೆಗಳ ಭಾನುವಾರದ 'ಮನೆತಿಂಡಿ'! ಉಡುಪಿಯ ಕಡೆಯ ಬಡ ಹುಡುಗರು ಊರು ಬಿಟ್ಟು ಹೋಗಿ, ತಮ್ಮ ಮನೆಯ ದೋಸೆಯನ್ನೇ ಪೇಟೆಗಳಲ್ಲಿ ಹುಯ್ದು ಹೋಟೆಲು ಕಟ್ಟಿದರು. ಮನೆಯಿಂದ ಹೋಟೆಲಿಗೆ, ಹೋಟೆಲಿನಿಂದ ಮನೆಗೆ ಈ ಕೊಡುಕೊಳ್ಳುವಿಕೆ ನಿಂತದ್ದೇ ಇಲ್ಲ.

ಅದಿರಲಿ, ನಮ್ಮೂರಿನ ಮಾತನ್ನೇ ತೆಗೆದುಕೊಳ್ಳಿ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಲ್ಲುಗಂಬದಲ್ಲಿ, ಐದನೆಯ ಶತಮಾನದಲ್ಲಿ, ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ ಶಾಸನವಿದೆ. ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದ ಕಥೆ ಅದರಲ್ಲಿದೆ. ಕಂಚಿಯಲ್ಲಿ ಅವನಿಗೆ ತಾಳಗುಂದದ ತಾಯಿ ಅಡುಗೆ ಮಾಡಿ ಕಳಿಸುತ್ತಿದ್ದಳೆ? ಪರಊರಿನವರು ಇಕ್ಕಿದ್ದನ್ನು ಉಂಡೇ ಅವನು ಓದಿರಬೇಕು. ಇನ್ನು ನಮ್ಮ ಅಗ್ರಹಾರದ ಮೂಲವನ್ನು ಹೇಳುವ ಹಳೆಯ ಐತಿಹ್ಯವಾದರೂ ಏನು? ಮುಕ್ಕಣ್ಣ ಕದಂಬನು ಉತ್ತರದೇಶದ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ಸ್ಥಾನಗುಂದೂರಿನಲ್ಲಿ, ಅಂದರೆ ಇಲ್ಲಿ, ನೆಲೆಗೊಳಿಸಿದನೆಂಬುದು. ಉತ್ತರದಿಂದ ವಲಸೆ ಬಂದವರ ಸಂತಾನವೆಂದು ಶಾಸನ ತೋರಿಸಿ ಹೆಮ್ಮೆಪಡುವ ಊರು, ಉತ್ತರದಿಂದ ಬಂದ ಒಬ್ಬ ಸೊಸೆಯ ಕಢಿಯನ್ನು ನೋಡಿ ಮೂಗು ಮುರಿಯುತ್ತದೆ!

ಸಮೀಪದ ಬಳ್ಳಿಗಾವಿಗೆ ಬನ್ನಿ. ಅಲ್ಲಿನ ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠದ ವೈಭವವನ್ನು 1162ರ ಶಾಸನ ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠದ ಜೊತೆಗೆ ಅದು ಹೇಳುವ ಇನ್ನೊಂದು ಹೆಗ್ಗಳಿಕೆ, ಅಲ್ಲಿ ಅನ್ನ ಯಾರುಯಾರಿಗೆ ದೊರೆಯುತ್ತಿತ್ತೆಂಬುದು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಕಥೆ ಹೇಳುವವರು, ಹಾಡುವವರು, ವಾದ್ಯದವರು, ಕುಣಿಯುವವರು. ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ನಾನಾ ದೇಶಗಳಿಂದ ಬಂದ ಭಿಕ್ಷುಕರು. ಮತ ಬೇರೆಯಾದವರಿಗೂ ಅನ್ನ, ರೋಗಿಗಳಿಗೆ ಮದ್ದು. ಇದು ನಮ್ಮ ನೆಲದ ಸಂಸ್ಕೃತಿ. ಅಲ್ಲಮ ಮದ್ದಳೆ ಬಾರಿಸಿದ ಬಳ್ಳಿಗಾವಿ, ಮನೆ ತೊರೆದು ಊರೂರ ಭಿಕ್ಷೆಯನ್ನೇ ಅನ್ನವೆಂದು ನಡೆದ ಅಕ್ಕಮಹಾದೇವಿಯ ಉಡುತಡಿ, ಎರಡೂ ನಮ್ಮ ಶಿಕಾರಿಪುರ ತಾಲ್ಲೂಕಿನವೇ. ಬಾಗಿಲು ಹಾಕಿಕೊಂಡು ಉಣ್ಣುವುದನ್ನು ಸಂಸ್ಕೃತಿಯೆಂದು ಕರೆಯುವವರು ಬೇರೆ ಯಾವ ನೆಲದಿಂದ ಅದನ್ನು ತಂದರೋ ತಿಳಿಯದು.

*

ಹೋಟೆಲುಗಳ ಮೇಲೆ ದೂರೇ ಇಲ್ಲವೆ? ಇದೆ, ಬೇಕಾದಷ್ಟಿದೆ. ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿಯುತ್ತಾರೆ. ಗೋಬಿ ಮಂಚೂರಿಗೆ ಹಾಕುತ್ತಿದ್ದ ಕೃತಕ ಬಣ್ಣವನ್ನು ಕರ್ನಾಟಕ ಸರಕಾರ 2024ರ ಮಾರ್ಚಿಯಲ್ಲಿ ನಿಷೇಧಿಸಬೇಕಾಯಿತು. ಇದಕ್ಕೆ ಮದ್ದು ಆಹಾರ ಸುರಕ್ಷತೆಯ ಕಾಯಿದೆ, ತಪಾಸಣೆ, ಗಿರಾಕಿಯ ಎಚ್ಚರ. ಇಲ್ಲಿ ಕುಲಾಚಾರದ ಪ್ರವಚನದಿಂದ ಆಗುವುದೇನಿಲ್ಲ.

ಇದಕ್ಕಿಂತ ದೊಡ್ಡ ದೂರು ಇನ್ನೊಂದಿದೆ. ಮೂವತ್ತು ವರ್ಷದ ಹಿಂದೆ, ಏಳನೆಯ ತರಗತಿಯಲ್ಲಿ ನನ್ನ ಬಳಿ ಓದುತ್ತಿದ್ದ ಒಬ್ಬ ಹುಡುಗ ಬೇಸಗೆ ರಜೆ ಮುಗಿದರೂ ಬರಲಿಲ್ಲ. ಮುಂದೊಂದು ದಿನ ದೂರದ ಪಟ್ಟಣವೊಂದರ ಹೋಟೆಲಿನಲ್ಲಿ ನನ್ನ ಮೇಜು ಒರೆಸಲು ಬಂದವನು ಅವನೇ. ನನ್ನನ್ನು ಕಂಡು ತಲೆ ತಗ್ಗಿಸಿದ. ನೀರಿನಲ್ಲಿ ನೆಂದು ಅವನ ಬೆರಳ ಸಂದುಗಳು ಬೆಳ್ಳಗೆ ಬಿರಿದಿದ್ದವು. ನಾನು ತರಿಸಿದ ದೋಸೆ ಹಾಗೆಯೇ ಉಳಿಯಿತು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಧಾಬಾಗಳಲ್ಲೂ ಮನೆಗೆಲಸಕ್ಕೂ ಇಟ್ಟುಕೊಳ್ಳುವುದು ಅಪರಾಧವಾಗಿದೆ. ಆದರೂ ಹೋಟೆಲಿನ ಹಿಂಬದಿಯ ತೊಟ್ಟಿಯ ಹತ್ತಿರ ಯಾರಿದ್ದಾರೆಂದು ಇಣುಕಿ ನೋಡುವ ಅಭ್ಯಾಸ ನನಗೆ ಅಂದಿನಿಂದ ಉಳಿದಿದೆ. ಹೋಟೆಲನ್ನು ಬಯ್ಯಬೇಕೆಂದಿದ್ದ ವಿದ್ವಾಂಸರು ಇದನ್ನು ಹಿಡಿದು ಬೈದಿದ್ದರೆ ನಾನು ಮೊದಲ ಚಪ್ಪಾಳೆ ತಟ್ಟುತ್ತಿದ್ದೆ. ಮುಕ್ಕಾಲು ಗಂಟೆಯ ಭಾಷಣದಲ್ಲಿ ಆ ಮಕ್ಕಳಿಗೆ ಒಂದು ವಾಕ್ಯವೂ ಸಿಕ್ಕಲಿಲ್ಲ. ಮನೆಯಲ್ಲಿ ಬೇಯಿಸುವವಳನ್ನು ಕಾಣದ ಕಣ್ಣಿಗೆ ಹೋಟೆಲಿನಲ್ಲಿ ತೊಳೆಯುವವನು ಕಾಣುವುದೆಂತು?

ನಾನು ಮನೆಯ ಅಡುಗೆಯ ವೈರಿಯಲ್ಲ. ತಂಬುಳಿ, ಅಪ್ಪೆಹುಳಿ, ಮಿಡಿ ಉಪ್ಪಿನಕಾಯಿಗಳು ಉಳಿಯಬೇಕೆಂಬ ಆಸೆ ಯಾರಿಗೂ ಕಡಿಮೆಯಿಲ್ಲದಂತೆ ನನಗೂ ಇದೆ. ಉಳಿಯುವ ದಾರಿಯನ್ನು ಮಾತ್ರ ಹೇಳುತ್ತಿದ್ದೇನೆ. ಒಬ್ಬಳ ಬೆನ್ನಿನ ಮೇಲೆ ಹೊರಿಸಿದ ಅಡುಗೆ ಅವಳ ಬೆನ್ನು ಬಾಗಿದ ದಿನ ಬಿದ್ದುಹೋಗುತ್ತದೆ. ಮನೆಮಂದಿಯೆಲ್ಲ ಕಲಿತ ಅಡುಗೆ ಉಳಿಯುತ್ತದೆ. ನಮ್ಮ ಹೋಟೆಲುಗಳು ಗೋಬಿಯ ಪಕ್ಕದಲ್ಲಿ ಒಂದು ಲೋಟ ತಂಬುಳಿಯನ್ನೂ ಇಡಲಿ. ಗಿರಾಕಿಗಳಾಗಿ ನಾವು ಕೇಳಿದರೆ ಅವರು ಇಟ್ಟಾರು. ಗಂಡಸರು ವಾರಕ್ಕೆರಡು ಹೊತ್ತಾದರೂ ಒಲೆಯ ಮುಂದೆ ನಿಲ್ಲಲಿ. ಊಟಕ್ಕೆ ಬಂದವನ ಜಾತಿಯನ್ನು ಕೇಳುವ ಚಪಲ ಬಂದಾಗ ಬಾಯಿಗೆ ಒಂದು ತುತ್ತು ಹಾಕಿಕೊಳ್ಳಲಿ.

ಗೋಡೆಯ ಮೇಲಿನ ಆ ಸರದಿಯ ಕಾಗದ ಹಳದಿಯಾಗಿದೆ. ಸೊಸೆಯ ಹೆಸರಿದ್ದಲ್ಲಿ ನಾವಿಬ್ಬರೂ ಹಂಚಿಕೊಂಡಿದ್ದೇವೆ. ಇಂದು ರಾತ್ರಿ ನನ್ನ ಸರದಿ, ಕಢಿ ಮತ್ತು ಖಿಚಡಿ. ಆ ವಿದ್ವಾಂಸರು ಎಂದಾದರೂ ಶಾಸನ ನೋಡಲು ತಾಳಗುಂದಕ್ಕೆ ಬಂದರೆ ನಮ್ಮ ಮನೆಗೂ ಬರಲಿ. ಮುರುಗಲ ಹುಳಿಯ ದಾಳ್ ಮಾಡಿ ಬಡಿಸುತ್ತೇನ. ಯಾರು ಬಂದರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣಬೇಕು; ಉಂಡ ತಟ್ಟೆಯನ್ನು ತಾವೇ ತೊಳೆದಿಡಬೇಕು. ನಮ್ಮ ಮನೆಯ ಕುಲಾಚಾರ ಇಷ್ಟೇ.